ಜ್ಯೂಸ್ ಕಂಪನಿಯಲ್ಲಿದ್ದ ನನ್ನ ಮಗಳು

ಕಳೆದ ವರ್ಷ ಮಾಘ ಮಾಸದಲ್ಲಿ ನಡೆದದ್ದು. ಚೆನ್ನೈನ ವೇಲಚೇರಿಯಲ್ಲಿರುವ ನಮ್ಮ ಕನ್ನಡ ಹೆಂಗಸರ ಭಜನಾ ಮಂಡಳಿಯಿಂದ ಪಂಢರಾಪುರಕ್ಕೂ ನಾಸಿಕದ ಪಂಚವಟಿಗೂ ಯಾತ್ರೆ ಹೊರಟಿದ್ದೆವು. ಹದಿನೆಂಟು ಜನ ಹೆಂಗಸರು, ಎಲ್ಲರಿಗೂ ಒಂದೊಂದು ಫ್ಲಾಸ್ಕು, ಒಂದೊಂದು ಮೊಣಕಾಲು ನೋವು. ದೇವರ ದರ್ಶನ ಚೆನ್ನಾಗಿಯೇ ಆಯಿತು. ಆದರೆ ಈಗ ಯಾರಾದರೂ ಆ ಯಾತ್ರೆಯ ಬಗ್ಗೆ ಕೇಳಿದರೆ ನನಗೆ ಮೊದಲು ನೆನಪಾಗುವುದು ವಿಠಲನೂ ಅಲ್ಲ, ಗೋದಾವರಿಯೂ ಅಲ್ಲ. ಒಂದು ವೈನರಿ. ದೇವರು ಕ್ಷಮಿಸಲಿ.

ನಾನು ಪ್ಯಾರೀಸ್ ಕಾರ್ನರ್ ಹತ್ತಿರದ ವಿಮಾ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಹೆಸರು ಜಯಾ. ನಮ್ಮನೆಯವರು ರೈಲ್ವೆಯಲ್ಲಿದ್ದರು. ಇಬ್ಬರೂ ಆಫೀಸಿಗೆ ಹೋಗುವವರಾದರೂ ಮನೆಯಲ್ಲಿ ಆಚಾರಕ್ಕೆ ರಜೆ ಇರಲಿಲ್ಲ. ನಮ್ಮತ್ತೆ ಬಿಡುತ್ತಿರಲಿಲ್ಲ. ಬೆಳಗ್ಗೆ ಅಡುಗೆ ಆದಮೇಲೆ ದೇವರಿಗೆ ನೈವೇದ್ಯ. ಅಲ್ಲಿಯವರೆಗೆ ಯಾರೂ ಒಂದು ತೊಟ್ಟು ಸಾರನ್ನೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಅಡುಗೆ ಮಾಡಿದವಳೂ ರುಚಿ ನೋಡುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ನಾನು, "ಉಪ್ಪು ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು ಅತ್ತೆ?" ಎಂದು ಕೇಳಿದ್ದೆ.

"ದೇವರು ಮೂಗು ಯಾಕೆ ಕೊಟ್ಟಿದ್ದಾನೆ?" ಅಂದಿದ್ದರು ಅತ್ತೆ.

ಮೂಗಿಗೂ ಅವರದೇ ಒಂದು ಕಾನೂನು ಇತ್ತು. ಪಾತ್ರೆಯ ಹತ್ತಿರ ಬಗ್ಗಿ ಮೂಸಬಾರದು, ಅದೂ ಎಂಜಲಿನ ಲೆಕ್ಕವೇ. ಮುಚ್ಚಳ ತೆಗೆದು ಒಂದು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತುಕೊಳ್ಳಬೇಕು. ಆವಿ ತಾನಾಗಿ ಬಂದರೆ ಅದು ನಮ್ಮ ತಪ್ಪಲ್ಲ. ಅತ್ತೆ ಹಾಗೆ ಕಣ್ಣು ಮುಚ್ಚಿ ನಿಂತು, "ಹುಳಿಗೆ ಅರ್ಧ ಚಮಚ ಉಪ್ಪು ಸಾಲದು, ಮೆಂತ್ಯ ಒಂದು ಚೂರು ಜಾಸ್ತಿ ಹುರಿದೆ," ಅನ್ನುತ್ತಿದ್ದರು. ಊಟಕ್ಕೆ ಕುಳಿತಾಗ ನೋಡಿದರೆ ಅಷ್ಟೇ ಕಡಿಮೆ, ಅಷ್ಟೇ ಜಾಸ್ತಿ. ಆ ವಿದ್ಯೆ ನನಗೆ ಬರಲು ಏಳೆಂಟು ವರ್ಷ ಹಿಡಿಯಿತು. ನನ್ನ ಒಬ್ಬಳೇ ಮಗಳು ಅನಘಾಗೆ ಏಳೆಂಟು ದಿನವೂ ಹಿಡಿಯಲಿಲ್ಲ. ಆರು ವರ್ಷದ ಹುಡುಗಿ, ಶಾಲೆಯಿಂದ ಬಂದು ಮೆಟ್ಟಿಲ ಮೇಲಿಂದಲೇ, "ಇನ್ನಿಕ್ಕು ಇಂಗು ಜಾಸ್ತಿ ಪಾಟ್ಟಿ," ಎಂದು, ಇವತ್ತು ಇಂಗು ಹೆಚ್ಚಾಯಿತು ಅಂತ, ಅಜ್ಜಿಗೆ ತಮಿಳಿನಲ್ಲಿ ಕೂಗಿ ಹೇಳುತ್ತಿದ್ದಳು. ಚೆನ್ನೈನ ಶಾಲೆಗೆ ಹೋದ ಮಕ್ಕಳೆಲ್ಲ ಹೀಗೆಯೇ, ನಾವು ಕನ್ನಡದಲ್ಲಿ ಕೇಳಿದರೆ ಅವು ತಮಿಳಿನಲ್ಲಿ ಉತ್ತರ ಕೊಡುತ್ತವೆ.

ಅನಘಾ ಆಹಾರ ತಂತ್ರಜ್ಞಾನ ಓದಿದಳು. ಬಿಸ್ಕತ್ತು ಕಂಪನಿಗೋ ಹಾಲಿನ ಡೇರಿಗೋ ಸೇರುತ್ತಾಳೆ ಎಂದು ನಾವು ಕಾದಿದ್ದರೆ ಅವಳು ನಾಸಿಕದ ವೈನರಿಯೊಂದಕ್ಕೆ ಸೇರಿಕೊಂಡಳು. ದ್ರಾಕ್ಷಿಯಿಂದ ವೈನ್ ಮಾಡುವ ಕೆಲಸ. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. "ಅವಳು ಕುಡಿಯೋಕೆ ಹೋಗ್ತಿಲ್ಲ ಕಣೇ, ಮಾಡೋಕೆ ಹೋಗ್ತಿದ್ದಾಳೆ," ಎಂದು ನಮ್ಮನೆಯವರು ಸಮಾಧಾನ ಹೇಳಿದರು. ಮಾಡುವುದೇ ನನಗೆ ಕುಡಿಯುವುದಕ್ಕಿಂತ ದೊಡ್ಡ ಅಪರಾಧವಾಗಿ ಕಂಡಿತ್ತು. ಅವಳು ಹೋದಳು. ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಅವಳಿರುವ ಜಾಗ ನೋಡಲು ಹೋಗಲಿಲ್ಲ. ದೀಪಾವಳಿಗೆ ಅವಳೇ ಎರಡು ದಿನ ಬಂದು ಹೋಗುತ್ತಿದ್ದಳು.

ಈ ನಡುವೆ ನಾವು ಪೆರಂಬೂರಿನಿಂದ ವೇಲಚೇರಿಯ ಫ್ಲಾಟಿಗೆ ಬಂದೆವು. ಹೊಸ ಜಾಗ, ಹೊಸ ಜನ. ಭಜನಾ ಮಂಡಳಿಗೆ ಸೇರಿದ ಮೊದಲನೆಯ ಶುಕ್ರವಾರವೇ ಮಂಡಳಿ ನಡೆಸುವ ಪದ್ಮಾ ಮಾಮಿ ಕೇಳಿದರು, "ಮಗಳು ಏನ್ ಮಾಡ್ತಿದ್ದಾಳೆ ಜಯಾ?"

"ಜ್ಯೂಸ್ ಕಂಪನೀಲಿದ್ದಾಳೆ," ಅಂದೆ. ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. "ಎಲ್ಲಿ?" ಅಂದರು. "ಪುಣೆ ಕಡೆ," ಅಂದೆ. ಮಂಡಳಿಯಲ್ಲಿ ಯಾರೂ ಅವಳನ್ನು ನೋಡಿರಲಿಲ್ಲವಾದ್ದರಿಂದ ಸುಳ್ಳು ಸಲೀಸಾಗಿ ನಡೆದುಹೋಯಿತು.

ಆದರೆ ಒಂದು ಸುಳ್ಳನ್ನು ಸಾಕುವುದು ಎಷ್ಟು ಕಷ್ಟ ಎಂದು ಆ ವರ್ಷದ ರಾಮನವಮಿಗೆ ಗೊತ್ತಾಯಿತು. "ಈ ಸಲ ಪಾನಕದ ಜೊತೆ ನಿನ್ನ ಮಗಳ ಕಂಪನಿಯ ದ್ರಾಕ್ಷಿ ರಸ ಕೊಡೋಣ. ಒಂದು ಇಪ್ಪತ್ತು ಬಾಟಲಿ ತರಿಸಮ್ಮ," ಎಂದುಬಿಟ್ಟರು ಪದ್ಮಾ ಮಾಮಿ. ನಾನು ಏನು ಮಾಡಲಿ? ಬೆಳಗಾಗುವ ಮೊದಲೇ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ಎರಡು ಕ್ರೇಟು ಕಪ್ಪು ದ್ರಾಕ್ಷಿ ತಂದೆ. ಮಡಿಯಲ್ಲಿ ಹಿಂಡಿ, ಹಳೆಯ ಪಂಚೆಯಲ್ಲಿ ಸೋಸಿದೆ. ನಮ್ಮನೆಯವರು ಹಳೆಯ ಬಾಟಲಿಗಳನ್ನು ನೀರಿನಲ್ಲಿ ನೆನೆಹಾಕಿ, ಚೀಟಿ ಕೆರೆದು ತೆಗೆದು, ನನ್ನ ಮುಖ ನೋಡಿ ನೋಡಿ ನಕ್ಕರು. ಮಂಡಳಿಯವರೆಲ್ಲ ಚಪ್ಪರಿಸಿ ಕುಡಿದರು. "ಕಂಪನಿ ಮಾಲು ಅಂದ್ರೆ ಹೀಗಿರಬೇಕು, ಮನೇಲಿ ಮಾಡಿದ ಹಾಗೇ ಇದೆ," ಅಂದರು ಪದ್ಮಾ ಮಾಮಿ. ಸಂಜೆ ಫೋನಿನಲ್ಲಿ ಅನಘಾಗೆ ಹೇಳಿದೆ. ಅವಳು ಜೋರಾಗಿ ನಕ್ಕಳು. ಆಮೇಲೆ ಮಾತು ಬದಲಾಯಿಸಿದಳು.

ಇಷ್ಟು ಹಿನ್ನೆಲೆ. ಈಗ ಯಾತ್ರೆಗೆ ಬರುತ್ತೇನೆ.

ಸೊಲ್ಲಾಪುರದಲ್ಲಿ ರೈಲು ಇಳಿದು, ಪಂಢರಾಪುರ ಮುಗಿಸಿ, ಬಸ್ಸಿನಲ್ಲಿ ನಾಸಿಕಕ್ಕೆ ಬಂದೆವು. ಮೊದಲ ದಿನ ಗೋದಾವರಿ ಸ್ನಾನ, ಪಂಚವಟಿ. ನಾನು ಬರುವುದು ಅನಘಾಗೆ ಗೊತ್ತಿತ್ತು. ದ್ರಾಕ್ಷಿ ಕೊಯ್ಲಿನ ಕಾಲ, ರಜೆ ಸಿಗುವುದಿಲ್ಲ, ಎರಡನೆಯ ದಿನ ಸಂಜೆ ಕೆಲಸ ಮುಗಿಸಿ ಲಾಡ್ಜಿಗೆ ಬರುತ್ತೇನೆ ಅಂದಿದ್ದಳು. ಅವಳು ಬಂದಾಗ "ಪುಣೆಯಿಂದ ಬಂದಳು" ಎಂದು ಹೇಳುವುದು ಎಂದು ನಾನು ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿದ್ದೆ. ಅವಳಿಗೆ ಇಷ್ಟವೆಂದು ಕೊಬ್ಬರಿ ಮಿಠಾಯಿಯನ್ನೂ ಡಬ್ಬಿಯಲ್ಲಿ ತಂದಿದ್ದೆ.

ಎರಡನೆಯ ದಿನ ಬೆಳಗ್ಗೆ ಬಸ್ಸು ಹೊರಟಿತು. ನಮ್ಮ ಟೂರ್ ಮ್ಯಾನೇಜರ್ ಸೆಲ್ವಂ ಎದ್ದು ನಿಂತು ಮೈಕಿನಲ್ಲಿ, "ಮಾಮಿ, ಇನ್ನಿಕ್ಕು ಗ್ರೇಪ್ ಗಾರ್ಡನ್! ಸೂಪರಾ ಇರುಕ್ಕುಂ, ಫೋಟೋ ಎಡುಕ್ಕಲಾಂ," ಎಂದು ಜಾಗದ ಹೆಸರು ಹೇಳಿದ. ಕಾರ್ಯಕ್ರಮದ ಚೀಟಿಯಲ್ಲಿ 'ದ್ರಾಕ್ಷಿ ತೋಟ, ಸೈಕಲ್ ಸವಾರಿ, ಅಣೆಕಟ್ಟಿನ ನೋಟ' ಎಂದಷ್ಟೇ ಇತ್ತು. ಅವನು ಹೇಳಿದ ಹೆಸರು ನನಗೆ ಗೊತ್ತಿತ್ತು. ಅದೇ ಹೆಸರು ಅನಘಾ ಹಾಕಿಕೊಂಡು ಬರುವ ಜಾಕೆಟ್ಟಿನ ಮೇಲೆ ಇತ್ತು.

ಚಹಾಕ್ಕೆಂದು ಬಸ್ಸು ನಿಂತಾಗ ನಾನು ಬಸ್ಸಿನ ಹಿಂಬದಿಗೆ ಹೋಗಿ ಫೋನ್ ಮಾಡಿದೆ. ವಿಷಯ ಹೇಳಿದೆ.

"ಅಯ್ಯೋ, ಇವತ್ತಿನ ತಮಿಳುನಾಡು ಗ್ರೂಪು ನೀವೇನಾ?" ಅಂದಳು ಅನಘಾ. "ನನಗೇ ತೋರಿಸು ಅಂತ ಹೇಳಿದ್ದಾರೆ. ತಮಿಳು ಬರೋದು ನನಗೊಬ್ಬಳಿಗೇ ತಾನೆ."

"ನಮ್ಮ ಮಂಡಳಿಯವರೆಲ್ಲ ಜೊತೆಗಿದ್ದಾರೆ," ಅಂದೆ. ಅವಳಿಗೆ ಅರ್ಥವಾಯಿತು. "ನಾನ್ ಲೀವ್ ಪೋಟ್ಟುಡಟ್ಟುಮಾ ಅಮ್ಮಾ?" ಎಂದು ಕೇಳಿದಳು. ನಾನು ರಜೆ ಹಾಕಿಬಿಡಲಾ ಎಂದು. ಕೊಯ್ಲಿನ ಕಾಲದಲ್ಲಿ, ತಾಯಿಯ ಮಾನ ಉಳಿಸಲು, ತನ್ನ ಕೆಲಸದ ಜಾಗದಿಂದ ತಾನೇ ಬಚ್ಚಿಟ್ಟುಕೊಳ್ಳಲಾ ಎಂದು ಕೇಳಿದಳು ನನ್ನ ಮಗಳು.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. "ರಜೆ ಬೇಡ ಪುಟ್ಟಾ," ಅಂದೆ. "ನನ್ನ ಗುರುತಿರೋ ಹಾಗೆ ತೋರಿಸ್ಕೋಬೇಡ, ಅಷ್ಟೇ."

"ಸರಿ ಮಾ," ಅಂದಳು. ಆಮೇಲೆ ನಿಧಾನವಾಗಿ, "ಹಾಗಾದ್ರೆ ಸಾಯಂಕಾಲ ಲಾಡ್ಜಿಗೂ ಬರೋ ಹಾಗಿಲ್ಲ ಅಲ್ವಾ? ಎಲ್ಲರೂ ನನ್ನ ನೋಡಿರ್ತಾರಲ್ಲ," ಅಂದಳು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ಸೆಲ್ವಂ ಎಲ್ಲರನ್ನೂ ಬಸ್ಸಿಗೆ ಹತ್ತಿಸತೊಡಗಿದ. ಫೋನ್ ಇಟ್ಟೆ.

ಜಾಗವೇನೋ ಸುಂದರವಾಗಿತ್ತು. ಇಳಿಜಾರಿನ ಮೇಲೆ ಸಾಲು ಸಾಲು ದ್ರಾಕ್ಷಿ ಬಳ್ಳಿ, ಕೆಳಗೆ ಅಣೆಕಟ್ಟಿನ ನೀರು, ಆಚೆ ಗುಡ್ಡಗಳು. ಬಳ್ಳಿಗಳ ನಡುವೆ ಚಿಕ್ಕ ವಯಸ್ಸಿನ ಜೋಡಿಗಳು ಹುಲ್ಲಿನ ಟೋಪಿ ಹಾಕಿಕೊಂಡು ಸೈಕಲ್ ಓಡಿಸುತ್ತಿದ್ದರು. ನಮ್ಮವರು, "ಆಹಾ, ಎಂಥಾ ಗಾಳಿ!" ಎಂದು ಇಳಿದರು. ಇಳಿದ ಮೇಲೆ ಗೇಟಿನ ಮೇಲಿನ ಬೋರ್ಡು ಓದಿದರು.

"ಸೆಲ್ವಂ! ಏನಪ್ಪಾ ಇದು? ಮಡಿ ಹೆಂಗಸರನ್ನ ಸಾರಾಯಿ ಅಂಗಡೀಗೆ ಕರ್ಕೊಂಡು ಬಂದಿದ್ದೀಯಲ್ಲ!" ಎಂದು ಪದ್ಮಾ ಮಾಮಿ ಕೂಗಾಡಿದರು. ಇಬ್ಬರು ಇಳಿದವರು ಮತ್ತೆ ಬಸ್ಸು ಹತ್ತಿ ಕಿಟಕಿಯ ಪರದೆ ಎಳೆದುಕೊಂಡರು. ಎಲ್ಲರೂ ಹಾಗೇ ಹತ್ತಿಬಿಡಲಿ ಎಂದು ನಾನು ಒಳಗೊಳಗೇ ವಿಠಲನಿಗೆ ಹರಕೆ ಹೊತ್ತೆ. ಆದರೆ ನಮ್ಮಲ್ಲೇ ಹಿರಿಯರಾದ ಇಂದಿರಾ ಮಾಮಿ, ಎಪ್ಪತ್ತೆಂಟು ವರ್ಷ, ಇವತ್ತಿಗೂ ಏಕಾದಶಿಗೆ ನೀರು ಕೂಡ ಮುಟ್ಟದವರು, ಕೋಲೂರಿಕೊಂಡು ಮುಂದೆ ಹೊರಟೇಬಿಟ್ಟರು. "ನೋಡೋದಕ್ಕೇನಾಗತ್ತೆ? ನಾನೇನು ಕುಡಿಯಕ್ಕೆ ಹೊರಟಿದ್ದೀನಾ?" ಅಂದರು. ಅವರು ಹೊರಟ ಮೇಲೆ ಬೇಡ ಅನ್ನುವವರು ಯಾರು?

ಎದುರಿಗೆ ಅನಘಾ ಬಂದಳು. ಮೊಣಕಾಲವರೆಗಿನ ರಬ್ಬರ್ ಬೂಟು, ತಲೆಗೆ ಕ್ಯಾಪು, ಬೆರಳುಗಳೆಲ್ಲ ನೇರಳೆ ಹಣ್ಣು ತಿಂದ ಮಗುವಿನ ಹಾಗೆ ಕಪ್ಪು. ಬಿಸಿಲಿಗೆ ಮುಖ ಕಂದಿತ್ತು. "ವಣಕ್ಕಂ, ನಮಸ್ಕಾರ," ಎಂದು ಎಲ್ಲರಿಗೂ ಕೈಮುಗಿದಳು. ಅವಳ ಕಣ್ಣು ಇಂದಿರಾ ಮಾಮಿಯಿಂದ ಪದ್ಮಾ ಮಾಮಿಗೆ, ಪದ್ಮಾ ಮಾಮಿಯಿಂದ ನನಗೆ, ನನ್ನಿಂದ ಪಕ್ಕದವರಿಗೆ ಒಂದೇ ಸಮನೆ ಹಾದುಹೋಯಿತು. ಎಲ್ಲರಿಗೂ ಹುಲ್ಲಿನ ಟೋಪಿ ಹಂಚುತ್ತ ಬಂದಳು. ನನ್ನ ಮುಂದೆ ನಿಂತು ಒಂದು ಟೋಪಿ ಚಾಚಿದಳು.

"ಮೇಡಂ, ಬಿಸಿಲಿದೆ, ಹಾಕ್ಕೊಳ್ಳಿ."

ನಾನು ಹೇಳಿಕೊಟ್ಟಂತೆಯೇ ಮಾಡಿದಳು. ಧ್ವನಿಯಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ನಾನು "ಥ್ಯಾಂಕ್ಸ್ ಅಮ್ಮ" ಎಂದು ಟೋಪಿ ಇಸಿದುಕೊಂಡೆ.

ತೋಟ ಸುತ್ತಿಸಿದಳು. ವೈನಿನ ದ್ರಾಕ್ಷಿ ನಾವು ತಿನ್ನುವಂಥದಲ್ಲ. ಸಣ್ಣದು, ಸಿಪ್ಪೆ ದಪ್ಪ, ತುಂಬಾ ಬೀಜ. ಒಂದೊಂದು ಕಿತ್ತು ಕೊಟ್ಟಳು. ಅಂಗಳದಲ್ಲಿ ಮರದ ದೊಡ್ಡ ತೊಟ್ಟಿಯೊಂದರಲ್ಲಿ ಪ್ರವಾಸಿಗರು ದ್ರಾಕ್ಷಿ ರಾಶಿಯನ್ನು ಕಾಲಿನಿಂದ ತುಳಿಯುತ್ತ ಕೇಕೆ ಹಾಕುತ್ತಿದ್ದರು. "ತಿನ್ನೋ ಪದಾರ್ಥಕ್ಕೆ ಕಾಲಾ? ಶಿವ ಶಿವಾ!" ಎಂದರು ಪದ್ಮಾ ಮಾಮಿ. "ಅದು ಆಟಕ್ಕೆ ಮಾತ್ರ ಮಾಮಿ, ಅದನ್ನ ವೈನಿಗೆ ಹಾಕಲ್ಲ, ಗೊಬ್ಬರಕ್ಕೆ ಹೋಗತ್ತೆ," ಎಂದಳು ಅನಘಾ. ಅವಳು ಮೊದಲು ತಮಿಳಿನಲ್ಲೇ ಶುರುಮಾಡಿದ್ದಳು. ನಾವು ನಮ್ಮೊಳಗೆ ಕನ್ನಡ ಮಾತಾಡುವುದು ಕೇಳಿ, ಈಗಷ್ಟೇ ಗೊತ್ತಾದವಳ ಹಾಗೆ, ಕನ್ನಡಕ್ಕೆ ತಿರುಗಿದಳು. ಹುಟ್ಟಿದಾಗಿನಿಂದ ನನ್ನ ಜೊತೆ ನಾಲ್ಕು ವಾಕ್ಯ ಒಟ್ಟಿಗೆ ಕನ್ನಡ ಮಾತಾಡದ ಹುಡುಗಿ, ಆ ದಿನ ಹದಿನಾರು ಹೆಂಗಸರ ಮುಂದೆ ನಿಲ್ಲಿಸದೆ ಕನ್ನಡ ಮಾತಾಡಿದಳು. ಅದೂ ನಮ್ಮತ್ತೆಯ ಕನ್ನಡ. ಕಮಟು, ಮುಗ್ಗಲು, ಹಳಸಲು, ಸೀದ ವಾಸನೆ, ಹಸಿ ವಾಸನೆ. ವೈನು ಕೆಟ್ಟರೆ ಯಾವ್ಯಾವ ವಾಸನೆ ಬರುತ್ತದೆ ಎಂದು ಅಡುಗೆಮನೆಯ ಮಾತಿನಲ್ಲೇ ಹೇಳುತ್ತ ಹೋದಳು. ನಮ್ಮವರು ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಹಿಂದೆ, ಟೋಪಿಯ ನೆರಳಿನಲ್ಲಿ ನಡೆಯುತ್ತಿದ್ದೆ.

ಆಮೇಲೆ ಒಂದು ತಣ್ಣನೆಯ ದೊಡ್ಡ ಹಾಲಿಗೆ ಕರೆದುಕೊಂಡು ಹೋದಳು. ಎರಡಾಳೆತ್ತರದ ಸ್ಟೀಲ್ ಟ್ಯಾಂಕುಗಳು. ನಾವು ಒಳಗೆ ಕಾಲಿಡುತ್ತಿದ್ದಂತೆ ಆ ತುದಿಯಿಂದ ಅಲ್ಲೇ ಕೆಲಸ ಮಾಡುವ ಒಬ್ಬ ಯಜಮಾನರು, ನಮ್ಮನೆಯವರಷ್ಟೇ ವಯಸ್ಸು, ತಲೆಯೆಲ್ಲ ನರೆತಿತ್ತು, ಬೇಗ ಬೇಗ ಬಂದರು. ಮರಾಠಿಯಲ್ಲಿ ಏನೋ ಹೇಳಿದರು. ಅವರ ಹಿಂದೆ ಇನ್ನೂ ಮೂವರು ಗಂಡಸರು. "ಒಂದು ನಿಮಿಷ," ಎಂದು ನಮಗೆ ಹೇಳಿ ಅನಘಾ ಒಂದು ಟ್ಯಾಂಕಿನ ಹತ್ತಿರ ಹೋದಳು. ಅವರು ನಲ್ಲಿ ತಿರುಗಿಸಿ ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ಹಿಡಿದು ಕೊಟ್ಟರು. ಅವರೂ ಒಂದು ಲೋಟ ತೆಗೆದುಕೊಂಡು ಮೂಗನ್ನು ಒಳಗೇ ತೂರಿಸಿ ಮೂಸಿ ನೋಡಿ, ಏನೂ ಗೊತ್ತಾಗುತ್ತಿಲ್ಲ ಎಂಬಂತೆ ತಲೆಯಾಡಿಸಿದರು.

ಅನಘಾ ಹಾಗೆ ಮಾಡಲಿಲ್ಲ. ಲೋಟವನ್ನು ಮೇಜಿನ ಮೇಲೆ ಇಟ್ಟಳು. ಒಂದು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ನಿಂತು, ಕಣ್ಣು ಮುಚ್ಚಿದಳು.

ಪೆರಂಬೂರಿನ ಅಡುಗೆಮನೆಯಲ್ಲಿ ನಮ್ಮತ್ತೆ ನಿಲ್ಲುತ್ತಿದ್ದದ್ದೇ ಹಾಗೆ. ಎಡಗೈ ಸೊಂಟದ ಮೇಲೆ, ತಲೆ ಸ್ವಲ್ಪ ಓರೆ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆ ನಾಲ್ವರು ಗಂಡಸರು ಉಸಿರು ಬಿಗಿಹಿಡಿದು ಇವಳ ಮುಖವನ್ನೇ ನೋಡುತ್ತಿದ್ದರು, ನಾನು ನಮ್ಮತ್ತೆಯ ಮುಖ ನೋಡುತ್ತಿದ್ದ ಹಾಗೆಯೇ.

ಕಣ್ಣು ಬಿಟ್ಟು ಎರಡೇ ಮಾತು ಹೇಳಿದಳು. ಯಜಮಾನರು "ಹೋ, ಮ್ಯಾಡಂ" ಎಂದು ಮರಾಠಿಯಲ್ಲಿ ಹೂಂಗುಟ್ಟಿ ಓಡಿದರು. ಪೈಪು ಬಂತು, ಪಂಪು ಶುರುವಾಯಿತು.

"ಏನಾಯ್ತಮ್ಮಾ?" ಎಂದು ಇಂದಿರಾ ಮಾಮಿ ಕೇಳಿದರು.

"ಕೆಟ್ಟ ವಾಸನೆ ಶುರುವಾಗ್ತಿತ್ತು ಮಾಮಿ, ತುಂಬಾ ಸಣ್ಣಗೆ. ಈಗಲೇ ಗಾಳಿ ತೋರಿಸಿದ್ರೆ ಸರಿ ಹೋಗತ್ತೆ. ಎರಡು ದಿನ ಬಿಟ್ಟಿದ್ರೆ ಟ್ಯಾಂಕ್ ಪೂರ್ತಿ ಹೋಗ್ತಿತ್ತು."

"ಕುಡಿದೂ ನೋಡಲಿಲ್ಲ, ಬಾಯಿಗೂ ಹಾಕ್ಕೊಳ್ಳಲಿಲ್ಲ. ಅಷ್ಟು ದೂರ ನಿಂತು ಹೇಗೆ ಗೊತ್ತಾಯ್ತು?" ಎಂದರು ಪದ್ಮಾ ಮಾಮಿ. ಅವರ ಸಿಟ್ಟು ಅಷ್ಟು ಹೊತ್ತಿಗೆ ಎಲ್ಲಿ ಹೋಗಿತ್ತೋ.

ಅನಘಾ ನನ್ನ ಕಡೆ ನೋಡಲಿಲ್ಲ. "ನಮ್ಮನೇಲಿ ನೈವೇದ್ಯ ಆಗೋ ತನಕ ಯಾರೂ ರುಚಿ ನೋಡಲ್ಲ ಮಾಮಿ," ಅಂದಳು. "ಉಪ್ಪು, ಹುಳಿ, ಖಾರ ಎಲ್ಲಾ ಮೂಗಲ್ಲೇ ನೋಡ್ಬೇಕು. ಪಾತ್ರೆ ಹತ್ರ ಬಗ್ಗೋ ಹಾಗೂ ಇಲ್ಲ. ಅಮ್ಮ ಮುಚ್ಚಳ ತೆಗೆದು ನನ್ನ ಕರೀತಿದ್ರು, ಏನು ಕಮ್ಮಿ ಹೇಳು ಅಂತ. ಇಲ್ಲಿಗೆ ಬಂದಾಗ ಎಲ್ಲರಿಗೂ ವಾಸನೆ ಹಿಡಿಯೋ ಟೆಸ್ಟ್ ಇಟ್ರು. ನಾನು ಫಸ್ಟ್ ಬಂದೆ. ಎಲ್ಲಿ ಟ್ರೈನಿಂಗ್ ಆಯ್ತು ಅಂತ ಕೇಳಿದ್ರು. ನಮ್ಮ ಅಮ್ಮನ ಅಡುಗೆಮನೇಲಿ ಅಂದೆ. ಅವರು ನಗಾಡಿದ್ರು, ಜೋಕು ಅಂದ್ಕೊಂಡು."

ಇದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿದ್ದರೆ ತಾನೆ? ಕೆಲಸದ ಮಾತೆತ್ತಿದರೆ ನಾನು ಒಗ್ಗರಣೆ ಸೀಯುತ್ತದೆ ಎಂದು ಫೋನ್ ಇಡುತ್ತಿದ್ದೆ.

"ಅಂದ್ರೆ ನೀನು ನಮ್ಮೋರ ಹುಡುಗೀನಾ!" ಎಂದರು ಪದ್ಮಾ ಮಾಮಿ. "ನಿಮ್ಮ ಅಮ್ಮ ಎಲ್ಲಿದ್ದಾರೆ?"

"ಚೆನ್ನೈನಲ್ಲಿ."

"ನೀನು ಈ ಕೆಲಸ ಮಾಡೋದು ಅವರಿಗೆ ಗೊತ್ತಾ? ಒಪ್ಪಿದ್ದಾರಾ?"

ಅನಘಾ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಂಡಳು. ಆ ಬಣ್ಣ ಹೋಗುವಂಥದಲ್ಲ. "ಗೊತ್ತು. ಅವರಿಗೆ ಸ್ವಲ್ಪ ಕಷ್ಟ ಆಗತ್ತೆ ಮಾಮಿ," ಅಂದಳು. "ನಾಲ್ಕು ಜನಕ್ಕೆ ಉತ್ತರ ಹೇಳ್ಬೇಕಾಗೋದು ಅವರಲ್ವಾ? ಪರವಾಗಿಲ್ಲ. ಅವರ ಮೇಲೆ ನನಗೇನೂ ಬೇಜಾರಿಲ್ಲ."

ಅದಕ್ಕಿಂತ ಅವಳು ಎಲ್ಲರೆದುರು ನನ್ನನ್ನು ಬೈದಿದ್ದರೆ ವಾಸಿಯಿತ್ತು. ನಾನು ಟೋಪಿ ತೆಗೆದು ಮುಂದೆ ಬಂದೆ. ಇಂದಿರಾ ಮಾಮಿಯ ಪಕ್ಕ ನಿಂತೆ.

"ಇವಳ ಅಮ್ಮ ನಾನೇ," ಅಂದೆ. "ಇವಳು ನನ್ನ ಮಗಳು ಅನಘಾ. ಜ್ಯೂಸ್ ಕಂಪನಿ ಇಲ್ಲ, ಪುಣೆ ಇಲ್ಲ. ನಾಲ್ಕು ವರ್ಷದಿಂದ ಇಲ್ಲೇ ವೈನ್ ಮಾಡ್ತಾಳೆ. ನಾನು ನಿಮಗೆಲ್ಲ ಸುಳ್ಳು ಹೇಳಿದ್ದೆ."

ಅನಘಾ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವರು ಪದ್ಮಾ ಮಾಮಿ. ಅವರ ಮುಖ ಬಿಳಿಚಿಕೊಂಡಿತ್ತು.

"ಜಯಾ! ಹಾಗಾದ್ರೆ ರಾಮನವಮಿಗೆ ನಾವು ಕುಡಿದದ್ದೇನೇ?"

ಎಲ್ಲರೂ ಒಮ್ಮೆಲೇ ನನ್ನ ಕಡೆ ತಿರುಗಿದರು. ಒಬ್ಬರು ಆಗಲೇ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು. "ಅಯ್ಯೋ ಇಲ್ಲ ಮಾಮಿ! ಕೋಯಂಬೇಡು ದ್ರಾಕ್ಷಿ! ನಾನೇ ಮಡೀಲಿ ಹಿಂಡಿದ್ದು! ರಾಮದೇವರಾಣೆ!" ಎಂದು ನಾನು ಕೈ ಕೈ ಮುಗಿದೆ. ಇಂದಿರಾ ಮಾಮಿ ಕೋಲನ್ನು ನೆಲಕ್ಕೆ ಕುಟ್ಟಿ ನಗಲು ಶುರುಮಾಡಿದರು. ಅವರು ನಕ್ಕ ಮೇಲೆ ಉಳಿದವರಿಗೂ ತಡೆಯಲಾಗಲಿಲ್ಲ. ಆ ಯಜಮಾನರಿಗೆ ಏನೂ ಅರ್ಥವಾಗದೆ ಅವರೂ ನಕ್ಕರು. ಅನಘಾ ಮಾತ್ರ ನಗಲಿಲ್ಲ. ಬಂದು ನನ್ನ ಕುತ್ತಿಗೆಗೆ ಕೈಹಾಕಿ, ಹೆಗಲ ಮೇಲೆ ಮುಖವಿಟ್ಟು ನಿಂತುಬಿಟ್ಟಳು.

ನಗು ನಿಂತಮೇಲೆ ಇಂದಿರಾ ಮಾಮಿ ಅನಘಾಳ ಕೈ ಹಿಡಿದು ತಿರುಗಿಸಿ ನೋಡಿದರು. "ಕುಡಿಯೋದು ನಮಗೆ ಸೇರಿದ್ದಲ್ಲ ಮಗು. ನಾನು ಒಪ್ಪೋದೂ ಇಲ್ಲ," ಅಂದರು. "ಆದ್ರೆ ಆ ಹಿರಿಯರು ನಿನ್ನ ಮಾತಿಗೆ ಓಡಿದ್ರಲ್ಲ, ಅದನ್ನ ನೋಡಿದೆ. ಕೆಲಸ ಗೊತ್ತಿರೋರ ಹತ್ರ ಹಾಗೇ ಓಡ್ತಾರೆ." ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಬಚ್ಚಿಡ್ತಾರೇನೇ, ಪೆದ್ದಿ?" ಅಂದರು.

ಕೊನೆಗೆ ರುಚಿ ನೋಡುವ ಕೋಣೆಗೆ ಹೋದೆವು. ನಾವು ಯಾರೂ ಮುಟ್ಟಲಿಲ್ಲ. ಆದರೆ ಅನಘಾ ನಾಲ್ಕು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಸುರಿದು ಮೇಜಿನ ಮೇಲಿಟ್ಟು, ಮನೆಯಲ್ಲಿ ನಾನು ಅವಳನ್ನು ಕರೆಯುತ್ತಿದ್ದ ಹಾಗೆ, "ಬಾ ಅಮ್ಮಾ, ಹೇಳು ನೋಡೋಣ," ಎಂದು ಕರೆದಳು. ನಾನು ಒಂದು ಹೆಜ್ಜೆ ಹಿಂದೆ ನಿಂತೆ. ಮೊದಲನೆಯದಕ್ಕೆ, "ಸೀಬೆಹಣ್ಣು. ಇನ್ನೂ ದೋರೆ," ಅಂದೆ. ಎರಡನೆಯದಕ್ಕೆ ಏನೂ ತೋಚಲಿಲ್ಲ. ಮೂರನೆಯದಕ್ಕೆ, "ಹುರಿದ ಮೆಣಸು, ಸಾರಿನ ಪುಡಿಗೆ ಹುರಿಯೋ ಹಾಗೆ." ನಾಲ್ಕನೆಯದಕ್ಕೆ, "ಹಳೇ ಮರದ ಪೆಟ್ಟಿಗೆ, ಅದರೊಳಗೆ ಬೆಲ್ಲ ಇಟ್ಟಿದ್ರು." ಅನಘಾ ಒಂದು ಮುದ್ರಿಸಿದ ಹಾಳೆ ತೆಗೆದು, ಅದರಲ್ಲಿ ತಾನು ಇಂಗ್ಲಿಷಿನಲ್ಲಿ ಬರೆದಿದ್ದನ್ನು ಕನ್ನಡದಲ್ಲಿ ಓದಿದಳು. ಸೀಬೆಹಣ್ಣು ಇತ್ತು. ಮೆಣಸು ಇತ್ತು. ಮರ ಇತ್ತು, ಬೆಲ್ಲವೂ ಇತ್ತು. ನಮ್ಮವರು ಚಪ್ಪಾಳೆ ತಟ್ಟಿದರು. ಕಚೇರಿಯಲ್ಲಿ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಸಂಜೆ ಅವಳು ಲಾಡ್ಜಿಗೆ ಬಂದಳು. ಅದೇ ಬೂಟು, ಅದೇ ಕೈ. ಕೊಬ್ಬರಿ ಮಿಠಾಯಿ ಡಬ್ಬಿ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಅವಳು ತಿಂದದ್ದು ಎರಡು, ಉಳಿದದ್ದೆಲ್ಲ ಅವಳನ್ನು ಸುತ್ತುವರಿದು ಕುಳಿತ ಮಾಮಿಯರ ಪಾಲು.

ಎಲ್ಲವೂ ಸುಖವಾಗಿ ಮುಗಿಯಿತು ಎಂದು ಹೇಳುವುದಿಲ್ಲ. ಬಸ್ಸಿನಲ್ಲೇ ಕುಳಿತಿದ್ದ ಇಬ್ಬರಲ್ಲಿ ಒಬ್ಬರು ಈಗ ನಮ್ಮ ಮನೆಯಲ್ಲಿ ಪ್ರಸಾದ ತೆಗೆದುಕೊಳ್ಳುವುದಿಲ್ಲ. ಅದು ಅವರಿಷ್ಟ. ಪದ್ಮಾ ಮಾಮಿ ಈ ವರ್ಷ ರಾಮನವಮಿಗೆ ಮತ್ತೆ ಇಪ್ಪತ್ತು ಬಾಟಲಿ ದ್ರಾಕ್ಷಿ ರಸ ಬೇಕೆಂದರು, "ಕೋಯಂಬೇಡು ಕಂಪನೀದು," ಎಂದು ಒತ್ತಿ ಹೇಳಿ. ನಾನೋ, ಈಗ ಕೇಳದವರಿಗೂ ಹೇಳುತ್ತೇನೆ. ಮೊನ್ನೆ ಲಿಫ್ಟಿನಲ್ಲಿ ಹೊಸದಾಗಿ ಬಂದ ಪಕ್ಕದ ಮನೆಯವರು "ಮಳೆ ಬರೋ ಹಾಗಿದೆ" ಅಂದದ್ದಕ್ಕೆ, ನಾಸಿಕದಲ್ಲಿ ಮಳೆ ಬಂದರೆ ನನ್ನ ಮಗಳ ದ್ರಾಕ್ಷಿಗೆ ಏನಾಗುತ್ತದೆ ಎಂದು ಆರನೇ ಮಹಡಿಯವರೆಗೂ ಹೇಳಿದೆ. "ಹಾಲಿನವನಿಗೆ ಹೇಳಿ ಆಯ್ತಾ?" ಎಂದು ನಮ್ಮನೆಯವರು ಕೇಳಿದರು. ಆಗಿತ್ತು.

ಪ್ರತಿ ಭಾನುವಾರ ಅನಘಾ ಫೋನ್ ಮಾಡುತ್ತಾಳೆ. "ಮೇಡಂ, ಇವತ್ತು ಹುಳಿಗೆ ಉಪ್ಪು ಸರಿ ಇದೆಯಾ?" ಎಂದು ತಮಾಷೆ ಮಾಡುತ್ತಾಳೆ. ನಾನೂ ನಗುತ್ತೇನೆ. ಆದರೆ ಆ ಬೆಳಗ್ಗೆ, ಕಪ್ಪಾದ ಕೈಯಲ್ಲಿ ಟೋಪಿ ಚಾಚಿ, ನಾನು ಹೇಳಿಕೊಟ್ಟ ಹಾಗೆಯೇ ಗುರುತಿಲ್ಲದವಳಂತೆ ಅವಳು "ಮೇಡಂ" ಅಂದಾಗ ನನಗೆ ಏನಾಯಿತು ಎಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ನನ್ನ ಮಗಳನ್ನು ನಾನೇ ಹೊರಗಿನವಳನ್ನಾಗಿ ಮಾಡಿಬಿಟ್ಟೆ ಅನ್ನಿಸಿತ್ತು. ಎದುರಿಗೆ ಹೇಳಲು ಬಾಯಿ ಬರುವುದಿಲ್ಲವೆಂದೇ ಇಲ್ಲಿ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಇದು ಅಚ್ಚಾದ ದಿನ ನಾನೇ ಫೋನಿನಲ್ಲಿ ಓದಿ ಹೇಳಬೇಕು.